50 ಕೆ.ಜಿ. 800 ಗ್ರಾಂ: ಫ್ಲೈವೇಟ್ ಚಾಂಪಿಯನ್‌ಗೆ ವಯಸ್ಸಾದಾಗ

ಪ್ರಶ್ನೆ: ಸರ್, ಥಾಯ್ಲೆಂಡ್‌ನ ಪೊಂಗ್‌ಸಕ್ಲೆಕ್ ವೊಂಜೊಂಗ್‌ಕಾಮ್ 2012ರಲ್ಲಿ ಫ್ಲೈವೇಟ್ ಪಟ್ಟ ಕಳೆದುಕೊಂಡ ಪಂದ್ಯದ ವಿಡಿಯೊ ಮೊನ್ನೆ ನೋಡಿದೆ. ಆಗ ಆತನಿಗೆ ಬರೀ 34 ವರ್ಷ. ಎದುರಾಳಿ ಅಷ್ಟೇನೂ ಹೆಸರು ಮಾಡಿದವನಲ್ಲ. ಅಷ್ಟು ವರ್ಷ ಮೆರೆದವನು ಒಂದೇ ರಾತ್ರಿಯಲ್ಲಿ ಮುದುಕನಾದ ಹಾಗೆ ಕಂಡ. ಜಾರ್ಜ್ ಫೋರ್ಮನ್ 45ನೇ ವಯಸ್ಸಿನಲ್ಲಿ ಹೆವಿವೇಟ್ ಚಾಂಪಿಯನ್ ಆದ. ಈ ಪುಟ್ಟ ತೂಕದವರಿಗೆ 34 ಯಾಕೆ ಜಾಸ್ತಿ? ಅಷ್ಟೆಲ್ಲ ಗೆದ್ದ ಮೇಲೆ ಮರ್ಯಾದೆಯಾಗಿ ನಿಲ್ಲಿಸಬಹುದಿತ್ತು ಅಲ್ವಾ? ಇನ್ನೊಂದು ವಿಷಯ. ನನ್ನ ಅಣ್ಣನ ಮಗಳಿಗೆ 17 ವರ್ಷ, ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ತೂಕ 54 ಕೆ.ಜಿ. 51ಕ್ಕೆ ಇಳಿಸಿದರೆ ಪದಕ ಸುಲಭ ಎಂದು ಅವಳಿಗೆ ಹೇಳುತ್ತಿದ್ದಾರೆ. ಇಳಿಸಬಹುದಾ?
– ಶಿವಮೊಗ್ಗದ ಓದುಗರೊಬ್ಬರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ನನಗೆ ಮುಖ್ಯ. ಆದರೆ ಅದಕ್ಕೆ ಉತ್ತರ ಇರುವುದು ಮೊದಲ ಪ್ರಶ್ನೆಯೊಳಗೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನೀವು ನೋಡಿದ ಪಂದ್ಯ ನಡೆದದ್ದು 2012ರ ಮಾರ್ಚ್ 2ರಂದು, ಥಾಯ್ಲೆಂಡ್‌ನ ಚೊನ್‌ಬುರಿಯಲ್ಲಿ. ವಿಚಿತ್ರ ನೋಡಿ, ಪೊಂಗ್‌ಸಕ್ಲೆಕ್ ಡಬ್ಲ್ಯುಬಿಸಿ (ವಿಶ್ವ ಬಾಕ್ಸಿಂಗ್ ಮಂಡಳಿ) ಪಟ್ಟವನ್ನು ಮೊದಲ ಸಲ ಗೆದ್ದದ್ದೂ ಮಾರ್ಚ್ 2ರಂದೇ, 2001ರಲ್ಲಿ. ಫಿಲಿಪ್ಪೀನ್ಸ್‌ನ ಮಾಲ್ಕಮ್ ತುನ್ಯಾಕಾವೊನನ್ನು ಮೊದಲ ಸುತ್ತಿನಲ್ಲೇ ಮಲಗಿಸಿದ್ದ. ಸರಿಯಾಗಿ 11 ವರ್ಷದ ಮೇಲೆ ಫಿಲಿಪ್ಪೀನ್ಸ್‌ನವನೇ ಆದ ಸನ್ನಿ ಬಾಯ್ ಜಾರೊ ಬಂದು ಅದನ್ನು ಕಿತ್ತುಕೊಂಡ. ಜಾರೊ ಅದಕ್ಕೆ ಮುಂಚೆ ಹತ್ತು ಸಲ ಸೋತಿದ್ದವನು. ಪೊಂಗ್‌ಸಕ್ಲೆಕ್‌ನ ಖಾತೆಯಲ್ಲಿ ಆಗಲೇ 80ಕ್ಕೂ ಜಾಸ್ತಿ ಗೆಲುವುಗಳಿದ್ದವು. ಪೇಪರ್ ಮೇಲೆ ಇದು ಪಂದ್ಯವೇ ಅಲ್ಲ. ಆದರೆ ರಿಂಗ್‌ನಲ್ಲಿ ಚಾಂಪಿಯನ್ ಶುರುವಿನಿಂದಲೇ ತಡವರಿಸಿದ. ಒಂದಕ್ಕಿಂತ ಹೆಚ್ಚು ಸಲ ನೆಲಕ್ಕೆ ಬಿದ್ದ. ಆರನೇ ಸುತ್ತಿನಲ್ಲಿ ರೆಫ್ರಿ ಮಧ್ಯೆ ಬಂದು ನಿಲ್ಲಿಸಿದರು.

"ಒಂದೇ ರಾತ್ರಿಯಲ್ಲಿ ಮುದುಕನಾದ" ಎಂದು ಬರೆದಿದ್ದೀರಿ. ಬಾಕ್ಸಿಂಗ್‌ನವರೂ ಹಾಗೇ ಹೇಳುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಹಳೇ ಮನೆಯ ತೊಲೆಗೆ ಗೆದ್ದಲು ಹಿಡಿದಿರುತ್ತದೆ. ಮೇಲಿನ ಬಣ್ಣ ಹಾಗೇ ಇರುತ್ತದೆ. ಒಂದು ಮಳೆಗಾಲದ ರಾತ್ರಿ ತೊಲೆ ಮುರಿಯುತ್ತದೆ. ಮುರಿದದ್ದು ಆ ರಾತ್ರಿ ಇರಬಹುದು, ಗೆದ್ದಲು ಹಿಡಿದದ್ದು ಆ ರಾತ್ರಿ ಅಲ್ಲ.

ಆತನ ಕತೆಯನ್ನು ಸ್ವಲ್ಪ ಹಿಂದಿನಿಂದ ನೋಡೋಣ. ವಯಸ್ಸು ಎಷ್ಟು ಆಟ ಆಡಿಸುತ್ತದೆ ಎಂದು ಅಲ್ಲಿ ಗೊತ್ತಾಗುತ್ತದೆ.

2002ರ ಏಪ್ರಿಲ್‌ನಲ್ಲಿ ಜಪಾನಿನ ಡೈಸುಕೆ ನೈಟೊ ಈತನ ಮೇಲೆ ಬಂದ. ಪಂದ್ಯ ನಡೆದದ್ದು 34 ಸೆಕೆಂಡ್. ಜನ ಕುರ್ಚಿ ಸರಿಮಾಡಿಕೊಂಡು ಕೂರುವಷ್ಟರಲ್ಲಿ ನೈಟೊ ಮಲಗಿದ್ದ. ಅಂಥ ಅವಮಾನವಾದ ಮೇಲೆ ಬೇರೆಯವರಾದರೆ ಊರು ಬಿಡುತ್ತಿದ್ದರು. ನೈಟೊ 2005ರಲ್ಲಿ ಮತ್ತೆ ಬಂದ, ಮತ್ತೆ ಸೋತ. 2007ರ ಜುಲೈನಲ್ಲಿ ಮೂರನೇ ಸಲ ಬಂದ. ಟೋಕಿಯೊದ ಕೊರಾಕುಯೆನ್ ಹಾಲ್‌ನಲ್ಲಿ ಮೂವರು ಜಡ್ಜ್‌ಗಳೂ ಅವನಿಗೇ ಕೊಟ್ಟರು. ಆರು ವರ್ಷದಲ್ಲಿ 17 ಸಲ ಪಟ್ಟ ಉಳಿಸಿಕೊಂಡಿದ್ದ ಪೊಂಗ್‌ಸಕ್ಲೆಕ್ ಬರಿಗೈಲಿ ಮನೆಗೆ ಹೋದ. ಫ್ಲೈವೇಟ್‌ನಲ್ಲಿ ಅದಕ್ಕೂ ಮುಂಚೆ ದೊಡ್ಡ ದಾಖಲೆ ಎಂದರೆ ಮೆಕ್ಸಿಕೊದ ಮಿಗೆಲ್ ಕಾಂಟೊನ 14. ಆ ಕಾಂಟೊ ಕೂಡ 31ನೇ ವಯಸ್ಸಿನಲ್ಲಿ, 1979ರಲ್ಲಿ, ಕೊರಿಯಾದ ಬುಸಾನ್‌ಗೆ ಹೋಗಿ ಪಟ್ಟ ಬಿಟ್ಟು ಬಂದವನು.

ಈಗ ಲೆಕ್ಕ ಹಾಕಿ. 2007ರಲ್ಲಿ ಪೊಂಗ್‌ಸಕ್ಲೆಕ್‌ಗೆ 29. ಅವನನ್ನು ಸೋಲಿಸಿದ ನೈಟೊಗೆ 32. ಅಂದರೆ ಸೋತದ್ದು ತನಗಿಂತ ದೊಡ್ಡವನ ಕೈಯಲ್ಲಿ. ಆಮೇಲೆ ಏನಾಯಿತು? 2009ರ ಕೊನೆಗೆ ಕೋಕಿ ಕಮೆಡಾ ಎಂಬ ಹುಡುಗ ನೈಟೊನನ್ನು ಸೋಲಿಸಿದ. ಕಮೆಡಾ ಅಲ್ಲಿಯವರೆಗೆ ಒಮ್ಮೆಯೂ ಸೋಲದ ಜಪಾನಿನ ದೊಡ್ಡ ಸ್ಟಾರ್. 2010ರ ಮಾರ್ಚ್‌ನಲ್ಲಿ ಪೊಂಗ್‌ಸಕ್ಲೆಕ್ ಟೋಕಿಯೊಗೆ ಹೋಗಿ, ಅವರದೇ ನೆಲದಲ್ಲಿ, ಅವರದೇ ಜನರ ಮುಂದೆ, 23 ವರ್ಷದ ಕಮೆಡಾನಿಂದ ಪಟ್ಟ ವಾಪಸ್ ತಂದ. ಆಗ ಇವನಿಗೆ 32.

29ಕ್ಕೆ ಸೋತವನು 32ಕ್ಕೆ ಗೆದ್ದ. 34ಕ್ಕೆ ಪೂರ್ತಿ ಕುಸಿದ. ವಯಸ್ಸು ಮೆಟ್ಟಿಲು ಇಳಿದ ಹಾಗೆ ಒಂದೊಂದೇ ಹೆಜ್ಜೆ ಇಳಿಸುವುದಿಲ್ಲ. ಒಳ್ಳೆಯ ದಿನ ಇರುತ್ತದೆ, ಕೆಟ್ಟ ದಿನ ಇರುತ್ತದೆ. ವಯಸ್ಸಾದಂತೆ ಒಳ್ಳೆಯ ದಿನ ಕಡಿಮೆಯಾಗುತ್ತದೆ ಅಷ್ಟೆ. ಮತ್ತು ಯಾವ ದಿನ ಯಾವುದು ಬರುತ್ತದೆ ಎಂದು ಯಾರಿಗೂ, ಅವನಿಗೂ, ಗೊತ್ತಿರುವುದಿಲ್ಲ.

ಇನ್ನು ಫೋರ್ಮನ್ ವಿಷಯ. ಈ ಹೋಲಿಕೆಯನ್ನು ಎಲ್ಲರೂ ತರುತ್ತಾರೆ. ಒಂದು ಸಣ್ಣ ವಿಷಯ ಮಾತ್ರ ಮರೆಯುತ್ತಾರೆ. 1973ರಲ್ಲಿ ಜೋ ಫ್ರೇಜಿಯರ್‌ನನ್ನು ಬೀಳಿಸಿ ಚಾಂಪಿಯನ್ ಆದಾಗ ಫೋರ್ಮನ್ ತೂಕ ಸುಮಾರು 99 ಕೆ.ಜಿ. 1994ರ ನವೆಂಬರ್‌ನಲ್ಲಿ ಮೈಕಲ್ ಮೂರರ್ ವಿರುದ್ಧ ನಿಂತಾಗ 113 ಕೆ.ಜಿ. ದಾಟಿತ್ತು. ಅಂದರೆ 20 ವರ್ಷದಲ್ಲಿ ಹತ್ತಿರಹತ್ತಿರ 15 ಕೆ.ಜಿ. ಏರಿದ್ದಾನೆ. ಯಾರೂ ಕೇಳಲಿಲ್ಲ. ಹೆವಿವೇಟ್‌ಗೆ ಮೇಲಿನ ಮಿತಿಯೇ ಇಲ್ಲ. ಹೊಟ್ಟೆ ಬಂದರೂ ಬರಲಿ. ಅಷ್ಟೇ ಅಲ್ಲ, ಆ ಪಂದ್ಯದಲ್ಲಿ ಒಂಬತ್ತು ಸುತ್ತು ಮುಗಿದಾಗ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ ಫೋರ್ಮನ್ ಹಿಂದಿದ್ದ. ಹತ್ತನೇ ಸುತ್ತಿನಲ್ಲಿ ಒಂದು ಬಲಗೈ ಏಟು, ಕತೆ ಮುಗಿಯಿತು. ಗುದ್ದಿನ ತೂಕ ಬಾಕ್ಸರ್‌ನನ್ನು ಬಿಟ್ಟು ಹೋಗುವುದು ಎಲ್ಲಕ್ಕಿಂತ ಕೊನೆಗೆ. ದಪ್ಪ ತೂಕದವನು ಅದನ್ನು ನಂಬಿಕೊಂಡು ಒಂಬತ್ತು ಸುತ್ತು ಕಾಯಬಹುದು.

ಫ್ಲೈವೇಟ್‌ಗೆ ಈ ಎರಡು ಅನುಕೂಲವೂ ಇಲ್ಲ. ಫ್ಲೈವೇಟ್ ಮಿತಿ 112 ಪೌಂಡ್, ಅಂದರೆ 50.80 ಕೆ.ಜಿ. ನಮ್ಮ ಸಿಮೆಂಟ್ ಚೀಲ 50 ಕೆ.ಜಿ. ಅದರ ಮೇಲೆ ಮುಕ್ಕಾಲು ಕೆ.ಜಿ. ಸಕ್ಕರೆ ಪೊಟ್ಟಣ ಇಡಿ. ಇಷ್ಟೇ, ಒಬ್ಬ ವಿಶ್ವ ಚಾಂಪಿಯನ್. ಇಷ್ಟರೊಳಗೆ ಮೂಳೆ, ಮಾಂಸ, ರಕ್ತ, ನೀರು, ಮೂವತ್ತೈದು ವರ್ಷದ ಊಟ ಎಲ್ಲ ಬರಬೇಕು.

20ನೇ ವಯಸ್ಸಿನಲ್ಲಿ 51ಕ್ಕೆ ಸರಿಯಾಗಿ ಕೂರುತ್ತಿದ್ದ ಮೈ 30ರಲ್ಲಿ ಕೂರುವುದಿಲ್ಲ. ಎದೆ ಅಗಲವಾಗುತ್ತದೆ. ತೊಡೆ ತುಂಬುತ್ತದೆ. ಇದು ಕೊಬ್ಬಲ್ಲ, ಗಂಡಸಿನ ಮೈ ಬಲಿಯುವ ರೀತಿಯೇ ಹಾಗೆ. ಆದರೆ ತಕ್ಕಡಿ ಬಲಿಯುವುದಿಲ್ಲ. ಅದು 2001ರಲ್ಲಿ ಕೇಳಿದ್ದನ್ನೇ 2012ರಲ್ಲೂ ಕೇಳುತ್ತದೆ. ಎದುರಾಳಿಗಳು ಬರುತ್ತಾರೆ, ಹೋಗುತ್ತಾರೆ. ಹಳೇ ಚಾಂಪಿಯನ್ ಪ್ರತಿ ಪಂದ್ಯದಲ್ಲೂ ಎದುರಿಸಬೇಕಾದ, ಒಂದು ದಿನವೂ ವಯಸ್ಸಾಗದ ಎದುರಾಳಿ ಎಂದರೆ ಆ 50.80.

ಇದನ್ನು ಹೇಗೆ ನಿಭಾಯಿಸುತ್ತಾರೆ ಎಂದು ಕೇಳಿ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕ ನೋಡುವುದು ಪಂದ್ಯದ ಹಿಂದಿನ ದಿನ. ಡಬ್ಲ್ಯುಬಿಸಿ ಪಟ್ಟದ ಪಂದ್ಯಗಳಿಗೆ ಮುಂಚಿತ ತಪಾಸಣೆಯ ನಿಯಮವೂ ಇದೆ. 30 ದಿನ ಮುಂಚೆ ಮಿತಿಗಿಂತ ಶೇ 10ಕ್ಕಿಂತ ಜಾಸ್ತಿ ಇರಬಾರದು, ಏಳು ದಿನ ಮುಂಚೆ ಶೇ 5ಕ್ಕಿಂತ ಜಾಸ್ತಿ ಇರಬಾರದು. ಫ್ಲೈವೇಟ್ ಲೆಕ್ಕದಲ್ಲಿ ಒಂದು ತಿಂಗಳ ಮುಂಚೆ 55.9, ಒಂದು ವಾರ ಮುಂಚೆ 53.3. ಅಂದರೆ ಕೊನೇ ವಾರದಲ್ಲಿ ಎರಡೂವರೆ ಕೆ.ಜಿ. ಇಳಿಸುವುದು ನಿಯಮದ ಪ್ರಕಾರವೇ ಸರಿ. ಆ ಎರಡೂವರೆ ಕೆ.ಜಿ.ಯಲ್ಲಿ ಹೆಚ್ಚಿನದು ನೀರು. ಉಪ್ಪು ಬಿಡುತ್ತಾರೆ, ನೀರು ಬಿಡುತ್ತಾರೆ, ದಪ್ಪ ಬಟ್ಟೆ ಹಾಕಿ ಓಡುತ್ತಾರೆ, ಬಿಸಿ ನೀರಿನ ಟಬ್ಬಿನಲ್ಲಿ ಕೂರುತ್ತಾರೆ. ತೂಕ ಮುಗಿದ ಕೂಡಲೇ ಕುಡಿಯುತ್ತಾರೆ, ತಿನ್ನುತ್ತಾರೆ. ಮರುದಿನ ರಿಂಗ್ ಹತ್ತುವಾಗ ಮೂರು ನಾಲ್ಕು ಕೆ.ಜಿ. ಮತ್ತೆ ಏರಿರುವುದು ಮಾಮೂಲು.

22ರ ಹುಡುಗನ ಮೈ ಆ ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಬತ್ತಿದ ಕೆರೆಗೆ ಮಳೆ ಬಂದ ಹಾಗೆ. 34ರ ಮೈ ಕೂಡ ನೀರು ಕುಡಿಯುತ್ತದೆ, ತೂಕ ಏರುತ್ತದೆ. ತೂಕದ ಮಷಿನ್ ಮೇಲೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾಲಿನಲ್ಲಿ ಗೊತ್ತಾಗುತ್ತದೆ. ನೀರು ಬಂದಿದೆ, ಕಸುವು ಬಂದಿಲ್ಲ. ಇದು ನಾನು 30 ವರ್ಷ ಹುಡುಗರ ಜೊತೆ ಜಿಮ್‌ನಲ್ಲಿ ನಿಂತು ಕಂಡದ್ದು. ಜಾರೊ ಪಂದ್ಯದ ಹಿಂದಿನ ವಾರ ಪೊಂಗ್‌ಸಕ್ಲೆಕ್ ಏನೇನು ಪಟ್ಟ ಎಂದು ಹೇಳಲು ನಾನು ಅವನ ಮನೆಯಲ್ಲಿ ಇರಲಿಲ್ಲ. ಆದರೆ ಶುರುವಿನ ಸುತ್ತುಗಳಲ್ಲಿ ಆತನ ಮೊಣಕಾಲು ನೋಡಿ, ಮುಖ ಬೇಡ. ಮುಖದಲ್ಲಿ ಆತ ಇನ್ನೂ ಚಾಂಪಿಯನ್ನೇ.

ತಕ್ಕಡಿ ಬರೀ ವಯಸ್ಸಾದವರನ್ನು ಹೊಡೆಯುತ್ತದೆ ಎಂದುಕೊಳ್ಳಬೇಡಿ. ಇದೇ ಪಟ್ಟದ ಕತೆ ಇನ್ನೂ ಎರಡು ಹೆಜ್ಜೆ ಹಿಂದಕ್ಕೆ ಹೋದರೆ ಮ್ಯಾನಿ ಪಕಿಯಾವೊ ಸಿಗುತ್ತಾನೆ. 1998ರ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ನ ಚಾಚೈ ಸಾಸಕುಲ್‌ನನ್ನು ಬೀಳಿಸಿ ಈ ಪಟ್ಟ ಗೆದ್ದ. ಆಗ ಇನ್ನೂ 20 ತುಂಬಿರಲಿಲ್ಲ. ಮರುವರ್ಷ ಸೆಪ್ಟೆಂಬರ್‌ನಲ್ಲಿ ತೂಕ ಇಳಿಸಲಾಗದೆ ಪಟ್ಟವನ್ನು ತಕ್ಕಡಿಯ ಮೇಲೇ ಕಳೆದುಕೊಂಡ. ಪಂದ್ಯದಲ್ಲಿ ಮೆಡ್ಗೊಯೆನ್ ಸಿಂಗ್ಸುರತ್ ಮೂರನೇ ಸುತ್ತಿಗೆ ಮಲಗಿಸಿದ. ಪಕಿಯಾವೊ ಏನು ಮಾಡಿದ? ಫ್ಲೈವೇಟ್ ಕಡೆ ತಿರುಗಿಯೂ ನೋಡಲಿಲ್ಲ. ಒಂದೇ ಸಲ 55 ಕೆ.ಜಿ. ಮೇಲಿನ ವರ್ಗಕ್ಕೆ ಹಾರಿದ. ಮುಂದೆ ಎಂಟು ತೂಕದಲ್ಲಿ ಚಾಂಪಿಯನ್ ಆದದ್ದು ಎಲ್ಲರಿಗೂ ಗೊತ್ತು. ಆ ಮೆಡ್ಗೊಯೆನ್‌ನಿಂದ ಪಟ್ಟ ತುನ್ಯಾಕಾವೊ ಕೈಗೆ, ಅವನಿಂದ ಪೊಂಗ್‌ಸಕ್ಲೆಕ್ ಕೈಗೆ ಬಂತು. ಒಂದೇ ಬೆಲ್ಟು. ಒಬ್ಬ 20ಕ್ಕೇ ಅದು ತನ್ನ ಮೈಗೆ ಚಿಕ್ಕದು ಎಂದು ಬಿಟ್ಟು ಹೋದ. ಇನ್ನೊಬ್ಬ 34ರವರೆಗೂ ಅದರೊಳಗೇ ಉಳಿದ.

ಹಾಗಾದರೆ ಎಲ್ಲ ತೂಕದ್ದೇ ತಪ್ಪಾ? ಹಾಗೆ ಹೇಳಿ ಕೈತೊಳೆದುಕೊಂಡರೆ ಸುಳ್ಳಾಗುತ್ತದೆ. ಅರ್ಜೆಂಟೀನಾದ ಪಾಸ್ಕುವಲ್ ಪೆರೆಸ್ ಎಂಬ ಚಾಂಪಿಯನ್ ಇದ್ದ. ಎತ್ತರ ಐದು ಅಡಿಗೂ ಸ್ವಲ್ಪ ಕಡಿಮೆ. 1948ರ ಲಂಡನ್ ಒಲಿಂಪಿಕ್ಸ್ ಚಿನ್ನ. 1954ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಯೋಶಿಯೊ ಶಿರಾಯಿಯನ್ನು ಸೋಲಿಸಿ ವಿಶ್ವ ಪಟ್ಟ ಗೆದ್ದ. ಇವನಿಗೆ ತೂಕದ ತಾಪತ್ರಯವೇ ಇರಲಿಲ್ಲ. ಮಿತಿಗಿಂತ ಕಡಿಮೆಯೇ ತೂಗುತ್ತಿದ್ದ. ಹೊಟ್ಟೆ ತುಂಬ ಊಟ ಮಾಡಿ ರಿಂಗ್ ಹತ್ತಬಹುದಾದ ಪುಣ್ಯವಂತ. ಆದರೂ ವಯಸ್ಸು ಬಿಡಲಿಲ್ಲ.

ಇವನ ವಿಷಯದಲ್ಲಿ ಮೊದಲ ಸೂಚನೆ ಬಂದದ್ದು 1959ರ ಜನವರಿಯಲ್ಲಿ. ಸಡಾವೊ ಯಾವೊಯಿಟಾ ಎಂಬ ಜಪಾನಿ ಇವನನ್ನು ಸೋಲಿಸಿದ. ಅದು ಪೆರೆಸ್‌ನ ಮೊದಲ ಸೋಲು. ಪಟ್ಟ ಪಣಕ್ಕಿಡದ ಪಂದ್ಯವಾದ್ದರಿಂದ ಬೆಲ್ಟ್ ಉಳಿಯಿತು. ಅದೇ ವರ್ಷ ನವೆಂಬರ್‌ನಲ್ಲಿ ಒಸಾಕಾದಲ್ಲಿ ಅವನನ್ನೇ 13ನೇ ಸುತ್ತಿನಲ್ಲಿ ಬೀಳಿಸಿ ಸೇಡು ತೀರಿಸಿಕೊಂಡ. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಚಾಂಪಿಯನ್‌ಗೆ ವಯಸ್ಸಾಗಿದೆಯಾ ಎಂದು ನೋಡಬೇಕಾದರೆ ಪಟ್ಟದ ಪಂದ್ಯ ನೋಡಬಾರದು, ಅದಕ್ಕೆ ಆತ ಮೈಯೆಲ್ಲ ಕಣ್ಣಾಗಿ ಬಂದಿರುತ್ತಾನೆ. ಸುಮ್ನೆ ಆಡಿದ ಪಂದ್ಯ ನೋಡಬೇಕು. ಮನೆಯಲ್ಲಿ ಅಪ್ಪ ಮೆಟ್ಟಿಲು ಹತ್ತುವಾಗ ಯಾರೂ ನೋಡುತ್ತಿಲ್ಲ ಎಂದುಕೊಂಡು ಗೋಡೆ ಹಿಡಿಯುತ್ತಾರಲ್ಲ, ಹಾಗೆ.

1960ರ ಏಪ್ರಿಲ್ 16. ಬ್ಯಾಂಕಾಕ್‌ನ ಲುಂಪಿನಿ ಸ್ಟೇಡಿಯಂ. ಪೆರೆಸ್‌ಗೆ 34 ತುಂಬಲು ಮೂರು ವಾರವೂ ಇರಲಿಲ್ಲ. ಎದುರಿಗೆ 25ರ ಪೋನ್ ಕಿಂಗ್‌ಪೆಚ್, ಇವನಿಗಿಂತ ಅರ್ಧ ಅಡಿಗೂ ಜಾಸ್ತಿ ಎತ್ತರ. ಕುಳ್ಳಗಿರುವವನು ಎತ್ತರದವನ ಜೊತೆ ಆಡಬೇಕಾದರೆ ಒಳಗೆ ನುಗ್ಗಬೇಕು. ನುಗ್ಗಬೇಕಾದರೆ ಉದ್ದ ಕೈಯ ಏಟು ತಪ್ಪಿಸಿಕೊಂಡು ಎರಡು ಹೆಜ್ಜೆ ಮುಂದೆ ಇಡಬೇಕು. ಆ ಎರಡು ಹೆಜ್ಜೆಯನ್ನು ಪೆರೆಸ್ ಐದು ವರ್ಷ ಎಲ್ಲರ ಮೇಲೂ ಇಟ್ಟಿದ್ದ. ಆ ಕಾಲದಲ್ಲಿ ಪಂದ್ಯ 15 ಸುತ್ತು. ಅಷ್ಟು ಸುತ್ತು ಆ ಎರಡು ಹೆಜ್ಜೆ ಇಡಬೇಕು. ಜಡ್ಜ್‌ಗಳು ಒಮ್ಮತಕ್ಕೆ ಬರಲಿಲ್ಲ, ಇಬ್ಬರು ಪೋನ್ ಕಡೆ, ಒಬ್ಬರು ಪೆರೆಸ್ ಕಡೆ. ಥಾಯ್ಲೆಂಡ್‌ಗೆ ಮೊದಲ ವಿಶ್ವ ಚಾಂಪಿಯನ್ ಸಿಕ್ಕ. ಅದೇ ಸೆಪ್ಟೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮರುಪಂದ್ಯ. ಈ ಸಲ ಜಡ್ಜ್‌ಗಳಿಗೆ ಕೆಲಸವೇ ಇರಲಿಲ್ಲ. ಎಂಟನೇ ಸುತ್ತಿನಲ್ಲಿ ಪೆರೆಸ್‌ನನ್ನು ನಿಲ್ಲಿಸಿದರು. ಏಪ್ರಿಲ್‌ನಲ್ಲಿ ಕೂದಲೆಳೆಯ ಸೋಲು, ಸೆಪ್ಟೆಂಬರ್‌ನಲ್ಲಿ ಪೂರ್ತಿ ಸೋಲು. ಐದೇ ತಿಂಗಳು.

ಹಾಗಾಗಿ ನಾನು ಹೇಳುವುದು ಇಷ್ಟು. ತೂಕದ ತೊಂದರೆ ಇದ್ದರೂ ಇಲ್ಲದಿದ್ದರೂ ಫ್ಲೈವೇಟ್‌ನ ಆಟ ನಿಂತಿರುವುದೇ ಕಾಲಿನ ಮೇಲೆ. ಒಂದು ಸುತ್ತಿನಲ್ಲಿ ಹೆವಿವೇಟ್‌ಗಿಂತ ಎಷ್ಟೋ ಜಾಸ್ತಿ ಗುದ್ದು, ಎಷ್ಟೋ ಜಾಸ್ತಿ ಹೆಜ್ಜೆ. ವೇಗವೇ ಬಂಡವಾಳ. ಮೈಯಲ್ಲಿ ಚುರುಕಾಗಿ ಕುಗ್ಗಿ ಹಿಗ್ಗುವ ಸ್ನಾಯುಗಳಿವೆಯಲ್ಲ, ವಯಸ್ಸು ಮೊದಲು ಕೈ ಹಾಕುವುದು ಅವಕ್ಕೇ. ದಮ್ಮು ಉಳಿಯುತ್ತದೆ. ಬುದ್ಧಿ ಉಳಿಯುವುದಷ್ಟೇ ಅಲ್ಲ, ಜಾಸ್ತಿಯೂ ಆಗುತ್ತದೆ. ಚುರುಕು ಹೋಗುತ್ತದೆ. ತೂಕ ಇಳಿಸುವ ಕಷ್ಟ ಇದರ ಮೇಲೆ ಬರೆ ಎಳೆದ ಹಾಗೆ. ಹೋಗುತ್ತಿರುವ ಚುರುಕನ್ನು ಇನ್ನೂ ಬೇಗ ಕಳಿಸುತ್ತದೆ.

ಇದನ್ನು ಚೆನ್ನಾಗಿ ನೋಡಬೇಕಾದರೆ 2021ರ ಏಪ್ರಿಲ್ 30ರ ಪಂದ್ಯ ಹುಡುಕಿ. ಲಂಡನ್‌ನ ಯಾರ್ಕ್ ಹಾಲ್. ದಕ್ಷಿಣ ಆಫ್ರಿಕಾದ ಮೊರುತಿ ಮ್ತಲಾನೆ, ಐಬಿಎಫ್ (ಪಟ್ಟ ಕೊಡುವ ಇನ್ನೊಂದು ಸಂಸ್ಥೆ) ಫ್ಲೈವೇಟ್ ಚಾಂಪಿಯನ್, ವಯಸ್ಸು 38. ನನ್ನ ಮೆಚ್ಚಿನ ಬಾಕ್ಸರ್‌ಗಳಲ್ಲಿ ಒಬ್ಬ. ಗಲಾಟೆ ಇಲ್ಲ, ಬೊಗಳೆ ಇಲ್ಲ. ಗದ್ದೆಗೆ ಹೋದ ಹಾಗೆ ರಿಂಗ್‌ಗೆ ಬಂದು ಕೆಲಸ ಮುಗಿಸಿ ಹೋಗುವವನು. 2019ರ ಡಿಸೆಂಬರ್‌ನಲ್ಲಿ ಯೊಕೊಹಾಮಾದಲ್ಲಿ ಅಕಿರಾ ಯಾಯೆಗಾಶಿಯನ್ನು ಒಂಬತ್ತನೇ ಸುತ್ತಿನಲ್ಲಿ ನಿಲ್ಲಿಸಿದ್ದ. ಆಮೇಲೆ ಕೊರೊನಾ, 16 ತಿಂಗಳು ಪಂದ್ಯವಿಲ್ಲ. ಎದುರಿಗೆ 25 ವರ್ಷದ ಸನ್ನಿ ಎಡ್ವರ್ಡ್ಸ್. ಎಡ್ವರ್ಡ್ಸ್ ಜೋರಾಗಿ ಹೊಡೆಯುವವನಲ್ಲ, ಆದರೆ ಕೈಗೆ ಸಿಗುವವನೂ ಅಲ್ಲ. 12 ಸುತ್ತು ಮ್ತಲಾನೆ ಮುಂದೆ ನಡೆದ. 12 ಸುತ್ತು ಎಡ್ವರ್ಡ್ಸ್ ಅಲ್ಲಿರಲಿಲ್ಲ. ಒಬ್ಬ ಜಡ್ಜ್ 12ಕ್ಕೆ 12 ಸುತ್ತನ್ನೂ ಎಡ್ವರ್ಡ್ಸ್‌ಗೆ ಬರೆದರು. ಅದು ಸ್ವಲ್ಪ ಅತಿಯಾಯಿತು ಎಂದು ನನ್ನ ಅಭಿಪ್ರಾಯ, ಗೆದ್ದವನು ಯಾರು ಎನ್ನುವುದರಲ್ಲಿ ಅನುಮಾನವಿಲ್ಲ. ಮ್ತಲಾನೆ ಬೀಳಲಿಲ್ಲ, ಬಳಲಲೂ ಇಲ್ಲ. ಎಲ್ಲಿ ಹೊಡೆಯಬೇಕು ಎಂದು ಅವನಿಗೆ ಗೊತ್ತಿತ್ತು. ಅಲ್ಲಿಗೆ ತಲುಪುವಷ್ಟರಲ್ಲಿ ಆ ಜಾಗ ಖಾಲಿಯಾಗಿರುತ್ತಿತ್ತು.

ಈಗ ಮತ್ತೆ ಪೊಂಗ್‌ಸಕ್ಲೆಕ್‌ಗೆ. ಗೆದ್ದಲು ಯಾಕೆ ಯಾರಿಗೂ ಕಾಣಲಿಲ್ಲ? ಒಂದು ಕಾರಣ, ಥಾಯ್ಲೆಂಡ್‌ನ ಪದ್ಧತಿ. ಅಲ್ಲಿ ಚಾಂಪಿಯನ್‌ಗಳು ಎರಡು ಪಟ್ಟದ ಪಂದ್ಯಗಳ ನಡುವೆ ಸಣ್ಣಪುಟ್ಟ ಪಂದ್ಯ ಆಡುತ್ತಲೇ ಇರುತ್ತಾರೆ. ಎದುರಾಳಿ ಸಾಧಾರಣದವನು, ತೂಕ ಸ್ವಲ್ಪ ಸಡಿಲ, ಗೆಲುವು ಗ್ಯಾರಂಟಿ. ಕೈ ತುಕ್ಕು ಹಿಡಿಯುವುದಿಲ್ಲ, ನಾಲ್ಕು ಕಾಸೂ ಬರುತ್ತದೆ. ಆದರೆ ದಾಖಲೆ ಉದ್ದವಾದಷ್ಟೂ ಸತ್ಯ ಮಸುಕಾಗುತ್ತದೆ. ಇನ್ನೊಂದು ಕಾರಣ ಆತನ ಜಾಣತನ. ಎಡಗೈ ನಿಲುವಿನ ಬಾಕ್ಸರ್, ದೂರದ ಲೆಕ್ಕದಲ್ಲಿ ಪಂಡಿತ. 2010ರ ಅಕ್ಟೋಬರ್‌ನಲ್ಲಿ ತನ್ನ ದೇಶದವನೇ ಆದ ಸುರಿಯನ್ ಸೋರ್ ರುಂಗ್‌ವಿಸಾಯಿ ಎಂಬ ಎಳೆಯ ಹುಡುಗನನ್ನು ಪಾಯಿಂಟ್ ಮೇಲೆ ಸೋಲಿಸಿದ. ಆ ಹುಡುಗ ಮೇಲಿನ ತೂಕಕ್ಕೆ ಹೋಗಿ ಮರುವರ್ಷವೇ ವಿಶ್ವ ಚಾಂಪಿಯನ್ ಆದ. ಮೇಲಿನ ತೂಕ ಎಂದರೆ ಎಷ್ಟು? 52.16 ಕೆ.ಜಿ. ಬರೀ 1.36 ಕೆ.ಜಿ. ಜಾಸ್ತಿ. ಸೋತವನು ಮೇಲಕ್ಕೆ ಹೋದ, ಗೆದ್ದವನು ಕೆಳಗೇ ಉಳಿದ.

2011ರ ಅಕ್ಟೋಬರ್‌ನಲ್ಲಿ ಮೆಕ್ಸಿಕೊದ ಎಡ್ಗರ್ ಸೋಸಾನನ್ನು ಸೋಲಿಸಿದ. ಸೋಸಾ ಕೆಳಗಿನ ತೂಕದಲ್ಲಿ ದೊಡ್ಡ ಚಾಂಪಿಯನ್ ಆಗಿದ್ದವನು. ಇಂಥವನ ಮೇಲೆ 12 ಸುತ್ತು ಆಡಿ ಗೆದ್ದರೆ ಯಾರು ತಾನೇ ವಯಸ್ಸಿನ ಮಾತೆತ್ತುತ್ತಾರೆ? ಡಿಸೆಂಬರ್‌ನಲ್ಲಿ ಹಿರೊಫುಮಿ ಮುಕಾಯಿ ಜೊತೆ ಪಂದ್ಯ, ಮೊದಲ ಸುತ್ತಿನಲ್ಲೇ ತಲೆ ತಲೆ ಡಿಕ್ಕಿಯಾಗಿ ನಿಂತುಹೋಯಿತು, ಡ್ರಾ. ಅದಾಗಿ ಹತ್ತು ವಾರಕ್ಕೆ ಜಾರೊ. ಲೆಕ್ಕ ಮಾಡಿ ನೋಡಿ. ಐದು ತಿಂಗಳೊಳಗೆ ಮೂರು ಸಲ 50.80ಕ್ಕೆ ಇಳಿದಿದ್ದಾನೆ. 34ರಲ್ಲಿ. ನನಗೆ ಆ ಪಂದ್ಯದಲ್ಲಿ ಜಾರೊನ ಬಲಗೈಗಿಂತ ಈ ಲೆಕ್ಕವೇ ಜಾಸ್ತಿ ಕಾಣುತ್ತದೆ. ಜಾರೊನನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಹತ್ತು ಸಲ ಸೋತವನು ಇನ್ನೊಬ್ಬರ ಊರಿಗೆ ಹೋಗಿ ಚಾಂಪಿಯನ್ ಮೇಲೆ ಮೊದಲ ಗಂಟೆ ಬಾರಿಸಿದ ಕ್ಷಣದಿಂದಲೇ ಬೀಳಬೇಕಾದರೆ ಗುಂಡಿಗೆ ಬೇಕು. ಪಾಪ, ಅವನ ಕೈಯಲ್ಲೂ ಪಟ್ಟ ಉಳಿಯಲಿಲ್ಲ. ಅದೇ ಜುಲೈನಲ್ಲಿ ಜಪಾನಿಗೆ ಹೋಗಿ ತೊಷಿಯುಕಿ ಇಗರಾಶಿಗೆ ಬಿಟ್ಟು ಬಂದ.

ಮರ್ಯಾದೆಯಾಗಿ ನಿಲ್ಲಿಸಬಹುದಿತ್ತಲ್ಲ ಎಂದು ಕೇಳಿದ್ದೀರಿ. ನಿಲ್ಲಿಸಿ ಏನು ಮಾಡಬೇಕು? ಹೆವಿವೇಟ್ ಚಾಂಪಿಯನ್ ಒಂದು ರಾತ್ರಿಯಲ್ಲಿ ದುಡಿಯುವುದನ್ನು ಫ್ಲೈವೇಟ್ ಚಾಂಪಿಯನ್ ಜೀವಮಾನದಲ್ಲಿ ದುಡಿಯುವುದಿಲ್ಲ. ಮ್ತಲಾನೆಯ ಕತೆಯನ್ನೇ ತೆಗೆದುಕೊಳ್ಳಿ. ಮೊದಲ ಸಲ ಚಾಂಪಿಯನ್ ಆಗಿದ್ದಾಗ, ಪಂದ್ಯಕ್ಕೆ ಕೊಡುತ್ತೇವೆ ಎಂದ ದುಡ್ಡು ತೀರಾ ಕಡಿಮೆ ಎಂದು ಪಟ್ಟವನ್ನೇ ಬಿಟ್ಟುಕೊಟ್ಟ. ವಿಶ್ವ ಪಟ್ಟ! ಮತ್ತೆ ಅದು ಸಿಕ್ಕಿದ್ದು 2018ರಲ್ಲಿ, 35ನೇ ವಯಸ್ಸಿನಲ್ಲಿ. ಒಳ್ಳೆಯ ವಯಸ್ಸೆಲ್ಲ ಕಾಯುವುದರಲ್ಲೇ ಹೋಯಿತು. ಥಾಯ್ ಬಾಕ್ಸರ್‌ಗಳು ಹೆಸರಿನ ಜೊತೆಗೆ ಜಿಮ್‌ನ ಹೆಸರನ್ನೋ ಕಂಪನಿಯ ಹೆಸರನ್ನೋ ಇಟ್ಟುಕೊಳ್ಳುವುದನ್ನು ನೋಡಿರುತ್ತೀರಿ. ಪೊಂಗ್‌ಸಕ್ಲೆಕ್ ಕೂಡ ಕ್ರಾಟಿಂಗ್ ಡೇಂಗ್ ಎಂಬ ಶಕ್ತಿವರ್ಧಕ ಪಾನೀಯದ ಹೆಸರು ಹೊತ್ತು ಆಡಿದವನು. ಬೆಲ್ಟ್ ಇರುವ ತನಕ ಆ ಹೆಸರಿಗೆ ಬೆಲೆ. ಇದೆಲ್ಲ ಗೊತ್ತಿದ್ದೂ ನಾವು ಸೋಫಾ ಮೇಲೆ ಕೂತು "ನಿಲ್ಲಿಸಬಾರದಿತ್ತಾ" ಎನ್ನುವುದು ಸುಲಭ.

ದುಡ್ಡು ಒಂದೇ ಅಲ್ಲ ಬಿಡಿ. ವೇಲ್ಸ್‌ನ ಹಳೇ ಕಾಲದ ಫ್ಲೈವೇಟ್ ಚಾಂಪಿಯನ್ ಜಿಮ್ಮಿ ವೈಲ್ಡ್ ಎರಡೂವರೆ ವರ್ಷ ರಿಂಗ್ ಕಡೆ ಹೋಗಿರಲಿಲ್ಲ. 1923ರ ಜೂನ್‌ನಲ್ಲಿ ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಪಾಂಚೊ ವಿಲ್ಲಾ ವಿರುದ್ಧ ಪಟ್ಟ ಉಳಿಸಿಕೊಳ್ಳಲು ನಿಂತ. ಏಳನೇ ಸುತ್ತಿನಲ್ಲಿ ಮುಖವೆಲ್ಲ ಜಜ್ಜಿಹೋಗಿ ಬಿದ್ದ, ಮತ್ತೆ ಆಡಲಿಲ್ಲ. ಪೊಂಗ್‌ಸಕ್ಲೆಕ್‌ಗೆ ಅಷ್ಟು ಸಲೀಸಾಗಿ ಬಿಡಲು ಆಗಲಿಲ್ಲ. ಜಾರೊ ಪಂದ್ಯವಾಗಿ ಎಂಟು ತಿಂಗಳಿಗೆ ಇನ್ನೊಬ್ಬ ಫಿಲಿಪ್ಪೀನ್ಸ್‌ನವನು, ರೇ ಮೆಗ್ರಿನೊ, ಮೂರನೇ ಸುತ್ತಿನಲ್ಲಿ ಮಲಗಿಸಿದ. ಸಾಕು ಎಂದ. ಮರುವರ್ಷ ಮತ್ತೆ ಗ್ಲೌಸ್ ಹಾಕಿದ.

ಸರಿ, ನಿಮ್ಮ ಅಣ್ಣನ ಮಗಳು. ನನ್ನ ಉತ್ತರ: ಇಳಿಸಬೇಡಿ.

ಹಿಂದೊಮ್ಮೆ ನಾನೇ ಮಾಡಿದ ತಪ್ಪು ಹೇಳುತ್ತೇನೆ. ನನ್ನ ಹತ್ತಿರ ಒಬ್ಬ ಹುಡುಗನಿದ್ದ, 19 ವರ್ಷ. ರಾಜ್ಯ ಮಟ್ಟದ ಪಂದ್ಯ. ಬೆಳಿಗ್ಗೆ ತೂಕ ನೋಡಿದರೆ 400 ಗ್ರಾಂ ಜಾಸ್ತಿ. ಸ್ವೆಟರ್ ಮೇಲೆ ರೇನ್‌ಕೋಟ್ ಹಾಕಿಸಿ ಮೈದಾನ ಸುತ್ತಿಸಿದೆ. ಬಾಯಲ್ಲಿ ಹುಣಸೆಹಣ್ಣಿನ ಚೂರು ಇಟ್ಟು ಉಗುಳು ಉಗುಳು ಎಂದೆ. ತೂಕ ಬಂತು. ನಾವಿಬ್ಬರೂ ಏನೋ ಗೆದ್ದವರ ಹಾಗೆ ನಕ್ಕೆವು. ಸಂಜೆ ಮೊದಲ ಸುತ್ತಿನಲ್ಲೇ ಅವನಿಗಿಂತ ಕಡಿಮೆ ಕಲಿತ ಹುಡುಗನಿಂದ ಏಟಿನ ಮೇಲೆ ಏಟು ತಿಂದ. ಕಾರ್ನರ್‌ಗೆ ಬಂದವನು ಒಂದು ಮಾತು ಹೇಳಿದ. "ಸರ್, ಏಟು ಬರೋದು ಕಾಣ್ತಿತ್ತು, ಕೈ ಬರ್ಲಿಲ್ಲ." ಅವನಿಗೆ 19. ಆ ದಿನದ ಮಟ್ಟಿಗೆ ನಾನು ಅವನನ್ನು 34ರವನನ್ನಾಗಿ ಮಾಡಿದ್ದೆ. ಮೈಯಲ್ಲಿ ನೀರು ಕಡಿಮೆ ಇರುವಾಗ ತಲೆಗೆ ಬೀಳುವ ಏಟು ಇನ್ನೂ ಅಪಾಯ ಎನ್ನುವುದನ್ನು ಆಗ ನಾನು ಯೋಚಿಸಿಯೂ ಇರಲಿಲ್ಲ.

ಇನ್ನೊಂದು ಮಾತು. ಅವಳು ಆಡುವುದು ಅಮೆಚೂರ್ ಬಾಕ್ಸಿಂಗ್. ಇಲ್ಲಿ ವೃತ್ತಿಪರರ ಹಾಗೆ ಹಿಂದಿನ ದಿನ ಒಮ್ಮೆ ತೂಕ ಕೊಟ್ಟು ಆಮೇಲೆ ತಿಂದು ಕುಡಿದು ಬರುವ ಲೆಕ್ಕವಿಲ್ಲ. ಆಡುವ ಪ್ರತಿ ದಿನ ಬೆಳಿಗ್ಗೆ ತೂಕ. ಟೂರ್ನಿ ಒಂದು ವಾರ ನಡೆದರೆ ಆ ವಾರ ಪೂರ್ತಿ 51ರಲ್ಲೇ ಇರಬೇಕು. 17ರ ಹುಡುಗಿ, ಇನ್ನೂ ಬೆಳೆಯುವ ಮೈ, ತಿಂಗಳ ಮುಟ್ಟಿನ ದಿನಗಳಲ್ಲಿ ಏರುಪೇರಾಗುವ ತೂಕ. ಈ ಹಿಂಸೆ ಯಾಕೆ?

ಮೇರಿ ಕೋಮ್ ಅವರ ಕತೆ ಇದಕ್ಕೆ ಉಲ್ಟಾ. ಅವರ ಸಹಜ ತೂಕ 48ರ ವರ್ಗದ್ದು. 2018ರಲ್ಲಿ ದೆಹಲಿಯಲ್ಲಿ ಆರನೇ ವಿಶ್ವ ಚಿನ್ನ ಗೆದ್ದದ್ದೂ 48ರಲ್ಲೇ. ಒಲಿಂಪಿಕ್ಸ್‌ನಲ್ಲಿ ಆಗ ಆ ತೂಕವೇ ಇರಲಿಲ್ಲ. ಹಾಗಾಗಿ 51ಕ್ಕೆ ಏರಿ, ತಮಗಿಂತ ದೊಡ್ಡ ಮೈಯವರ ಜೊತೆ ಆಡಿದರು. 2012ರಲ್ಲಿ ಲಂಡನ್‌ನಲ್ಲಿ ಕಂಚು. ಟೋಕಿಯೊದಲ್ಲಿ, 38ನೇ ವಯಸ್ಸಿನಲ್ಲಿ, ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾಗೆ 3–2ರಿಂದ ಸೋತರು. ಮೊದಲ ಸುತ್ತನ್ನು ಐವರು ಜಡ್ಜ್‌ಗಳಲ್ಲಿ ನಾಲ್ವರು ವಲೆನ್ಸಿಯಾಗೆ ಕೊಟ್ಟರು. ಉಳಿದ ಎರಡು ಸುತ್ತಿನಲ್ಲಿ ಮೂವರು ಮೇರಿ ಕಡೆ. ಎರಡು ಸುತ್ತು ಗೆದ್ದೂ ಪಂದ್ಯ ಸೋತರು. ಮೈ ಬಿಸಿಯಾಗಲು ತಗುಲಿದ ಆ ಮೊದಲ ಮೂರು ನಿಮಿಷದಲ್ಲೇ ಪಂದ್ಯ ಕೈಬಿಟ್ಟಿತ್ತು. ಆದರೂ ನೋಡಿ, ಮೈಗೆ ಸರಿಯಾಗಿ ಊಟ ಮಾಡಿ ಆಡಿದವರು ಆ ವಯಸ್ಸಿನಲ್ಲೂ ಕೊನೆಯ ಸುತ್ತನ್ನು ಗೆಲ್ಲುತ್ತಾರೆ.

54ರಲ್ಲೇ ಆಡಿಸಿ. ಅಲ್ಲಿ ಒಂದು ವರ್ಷ ಸೋತರೂ ಸೋಲಲಿ. ಬೆಳಗಿನ ತಿಂಡಿ ತಪ್ಪಿಸಬೇಡಿ, ಹಗ್ಗದಾಟ ಜಾಸ್ತಿ ಮಾಡಿಸಿ. ದಿನಾ ಬೆಳಿಗ್ಗೆ ಎದ್ದು ಏನೂ ತಿನ್ನುವ ಮೊದಲು ತೂಕ ನೋಡಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಹೇಳಿ. ಒಂದು ತಿಂಗಳ ಲೆಕ್ಕ ನನಗೆ ಕಳಿಸಿ. ಅವಳ ಎತ್ತರವನ್ನೂ ಬರೆಯಿರಿ, ನೀವು ಅದನ್ನು ಹೇಳಲೇ ಇಲ್ಲ.